ಅನುಭವ ಕೇಳುತ್ತೀರಿ, ಕೊಡುವವರು ಯಾರು?

ಸಾರಿಗೆ ಇಲಾಖೆಯ ಮಾನ್ಯರೇ,

ಹೆವಿ ಲೈಸೆನ್ಸ್ ಹಿಡಿದು ಕೆಲಸಕ್ಕೆ ಅಲೆದವರಿಗೆಲ್ಲ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ: 'ಎಷ್ಟು ವರ್ಷ ಓಡಿಸಿದ್ದೀಯಾ? ಅನುಭವದ ಪತ್ರ ಎಲ್ಲಿ?' ಹೊಸಬ ಎಂದರೆ ಗೇಟಿನಲ್ಲೇ ವಾಪಸ್. ಹಳಬ ಎಂದರೆ ಪತ್ರ ತಾ ಎನ್ನುತ್ತಾರೆ. ಆ ಪತ್ರ ನಮ್ಮಲ್ಲಿ ಎಷ್ಟು ಜನರ ಬಳಿ ಇದೆ?

ಈ ಲೈಸೆನ್ಸ್ ಸುಮ್ಮನೆ ಸಿಕ್ಕಿದ್ದಲ್ಲ. 20 ವರ್ಷ ತುಂಬಿರಬೇಕು, ಒಂದು ವರ್ಷ ಮೊದಲೇ ಲಘು ವಾಹನದ ಲೈಸೆನ್ಸ್ ಪಡೆದಿರಬೇಕು. ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟು, ವೈದ್ಯರ ಸರ್ಟಿಫಿಕೇಟು, ಆಮೇಲೆ ಪರೀಕ್ಷೆ. ಐದು ವರ್ಷಕ್ಕೊಮ್ಮೆ ನವೀಕರಣ. ಎಂಟನೇ ತರಗತಿ ಓದಿರಲೇಬೇಕೆಂಬ ನಿಯಮವನ್ನು 2019ರಲ್ಲೇ ತೆಗೆದರೂ, ಕೆಲಸ ಕೊಡುವವರು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳುವುದನ್ನು ಬಿಟ್ಟಿಲ್ಲ.

ನಿಜವಾದ ಕೆಲಸ ಕಲಿಯುವುದು ಕ್ಲೀನರ್ ಆಗಿ. ಟಾರ್ಪಾಲು ಕಟ್ಟಿ, ಹಗ್ಗ ಬಿಗಿದು, ನಡುರಾತ್ರಿ ಟೈರು ಬಿಚ್ಚಿ, ಉಸ್ತಾದ್ ಮನಸ್ಸು ಮಾಡಿದ ದಿನ ಸ್ಟೇರಿಂಗ್ ಹಿಡಿಯಬೇಕು. ಮಳೆಗಾಲದ ಶಿರಾಡಿ ಘಾಟಿಯಲ್ಲಿ ಲೋಡ್ ಗಾಡಿಯನ್ನು ಬ್ರೇಕ್ ಕಾಯದ ಹಾಗೆ ಗೇರಿನಲ್ಲೇ ಇಳಿಸುವುದನ್ನು ಯಾವ ಸ್ಕೂಲೂ ಹೇಳಿಕೊಡಲಿಲ್ಲ. ಆದರೆ ಈ ವಿದ್ಯೆಗೆ ಒಂದು ಚೂರು ಕಾಗದವಿಲ್ಲ. ಸಂಬಳ ಕೈಗೆ, ಬಾಟಾ ಕೈಗೆ. ನೇಮಕಾತಿ ಪತ್ರವಿಲ್ಲ, ಪಿಎಫ್ ಇಲ್ಲ. ಓನರ್ ಲಾರಿ ಮಾರಿದ ದಿನ ನಮ್ಮ ಸರ್ವಿಸೂ ಅದರ ಜೊತೆಗೇ ಹೋಯಿತು.

ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಕಾಯ್ದೆ ಬಂದದ್ದು 1961ರಲ್ಲಿ. ಅದು ಲೆಕ್ಕಕ್ಕೆ ಹಿಡಿದದ್ದು ಐದು ಮತ್ತು ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳನ್ನು. ಒಂದೋ ಎರಡೋ ಲಾರಿ ಇಟ್ಟುಕೊಂಡವರ ಬಳಿ ದುಡಿಯುವವರು ಆಗಲೇ ಲೆಕ್ಕದಿಂದ ಹೊರಗೆ ಉಳಿದರು.

ಇಂದು ದಾಖಲೆಗೇನೂ ಬರವಿಲ್ಲ. ಲೈಸೆನ್ಸ್ ಯಾವತ್ತು ಕೊಟ್ಟಿರಿ ಎಂಬುದು ನಿಮ್ಮ ಕಂಪ್ಯೂಟರಿನಲ್ಲಿದೆ, ಕಟ್ಟದ ದಂಡವೂ ಇದೆ. ಫಾಸ್ಟ್ಯಾಗ್‌ಗೆ ಲಾರಿ ಯಾವ ಟೋಲ್ ದಾಟಿತೆಂದು ಗೊತ್ತು. ಇ-ವೇ ಬಿಲ್ಲಿನಲ್ಲಿ ಗಾಡಿಯ ನಂಬರಿದೆ, ಸರಕಿನ ಬೆಲೆಯಿದೆ. ಓಡಿಸಿದವನ ಹೆಸರಿಗೆ ಮಾತ್ರ ಅಲ್ಲಿ ಜಾಗವಿಲ್ಲ.

ಸರ್ಕಾರಿ ನೌಕರಿಯ ಕಥೆ ಬೇರೆ. ಅಧಿಸೂಚನೆಗೆ ವರ್ಷಗಟ್ಟಲೆ ಕಾಯಬೇಕು, ಬಂದ ಮೇಲೆ ಆಯ್ಕೆ ಪಟ್ಟಿಗೆ ಕಾಯಬೇಕು. ಅಷ್ಟರಲ್ಲಿ ವಯಸ್ಸಿನ ಮಿತಿ ದಾಟುತ್ತದೆ. ತಡ ಮಾಡಿದ್ದು ಸರ್ಕಾರ, ಅನರ್ಹರಾದವರು ನಾವು. ಉಳಿಯುವುದು ಏಜೆಂಟರ ದಾರಿ: ಮೊದಲ ತಿಂಗಳ ಸಂಬಳದಲ್ಲಿ ಕಮಿಷನ್, ಕೆಲಸ ಬಿಟ್ಟು ಹೋಗದಂತೆ ಒರಿಜಿನಲ್ ಡಿಎಲ್ ಅವರ ಡ್ರಾಯರಿನಲ್ಲಿ. ಗಾಡಿಗೆ ಸಣ್ಣ ಗೀರು ಬಿದ್ದರೂ ಸಂಬಳದಲ್ಲಿ ಕಡಿತ. ಇಷ್ಟಾದ ಮೇಲೂ ಮಾಲೀಕರು 'ಡ್ರೈವರ್‌ಗಳೇ ಸಿಗುತ್ತಿಲ್ಲ' ಎಂದು ಗೋಳಾಡುತ್ತಾರೆ! ಎಲ್ಲಿ ಹುಡುಕುತ್ತಾರೋ ಅವರು.

ಇದನ್ನೆಲ್ಲ ಬರೆದು ನಿಮಗೆ ಮನವಿ ಕೊಟ್ಟವರಿಗೆ ಗೊತ್ತು, ಪ್ರತಿಯ ಮೇಲೆ ಸೀಲು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಆಗುವುದಿಲ್ಲ ಎಂದಾದರೂ ಹೇಳಿದರೆ ಬೇರೆ ದಾರಿ ನೋಡಿಕೊಳ್ಳಬಹುದು. ಮನೆ ಬಾಡಿಗೆ ಕೇಳುವವರೂ ಮಕ್ಕಳ ಶಾಲೆಯವರೂ ನಿಮ್ಮ ಹಾಗೆ ಸುಮ್ಮನಿರುವುದಿಲ್ಲ.

ನಾವು ದಯೆ ಕೇಳುತ್ತಿಲ್ಲ. ಸರಕು ಸಾಗಣೆಯ ಬಿಲ್ಲಿನಲ್ಲಿ ಚಾಲಕನ ಹೆಸರು, ಡಿಎಲ್ ನಂಬರು ಬರೆಯುವುದನ್ನು ಕಡ್ಡಾಯ ಮಾಡಿ, ಅದನ್ನೇ ಅನುಭವವೆಂದು ಒಪ್ಪಿ. ಡಿಎಲ್ ಅಡ ಇಟ್ಟುಕೊಳ್ಳುವವರ ಮೇಲೆ ಕೇಸು ಹಾಕಿ. ನೇಮಕಾತಿ ಎಷ್ಟು ವರ್ಷ ತಡವಾಯಿತೋ ವಯಸ್ಸಿನಲ್ಲಿ ಅಷ್ಟೇ ವರ್ಷ ಸಡಿಲಿಕೆ ಕೊಡಿ. ಇದರಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಿ.

ಇಂತಿ,
ಕಾಗದವಿಲ್ಲದ ಅನುಭವಸ್ಥರ ಪರವಾಗಿ, ಒಬ್ಬ ಚಾಲಕ