ಕವರ್ ಬೇಡ, ಚೀಲ ತಂದಿದ್ದೇವೆ!

ಗೌರಿ-ಗಣೇಶ ಹಬ್ಬದ ಸಾಮಾನಿಗೆ ಗಾಂಧಿ ಬಜಾರಿಗೆ ಬರುವ ತಾಯಂದಿರೇ, ಅಣ್ಣತಮ್ಮಂದಿರೇ, ಅಂಗಡಿ ಮಾಲೀಕರೇ, ಹೂವು-ಹಣ್ಣು ಮಾರುವ ಅಕ್ಕಂದಿರೇ,

ದಯವಿಟ್ಟು ಈ ಕರಪತ್ರವನ್ನು ಎಸೆಯಬೇಡಿ. ನಿಂತಲ್ಲೇ ಎರಡು ನಿಮಿಷ ಓದಿ.

ಗೌರಿ ಬಾಗಿನವನ್ನೇ ನೋಡಿ. ಅರಿಶಿನ ಬಳಿದ ಬಿದಿರಿನ ಮೊರ. ಅದರೊಳಗೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ರವೆ, ಬೆಲ್ಲದಚ್ಚು, ತೆಂಗಿನಕಾಯಿ, ಬಳೆ-ಬಿಚ್ಚೋಲೆ, ರವಿಕೆ ಕಣ. ಮೇಲೆ ಮುಚ್ಚಲು ಇನ್ನೊಂದು ಮೊರ. ಎಸೆಯುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ. ಹಬ್ಬ ಮುಗಿದ ಮೇಲೆ ಅದೇ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಈಗ ಅಂಗಡಿಯಲ್ಲಿ ಸಿಗುವ ‘ಬಾಗಿನದ ಸೆಟ್’ ಬಿಚ್ಚಿ ನೋಡಿ. ಹಿಡಿ ಬೇಳೆಗೊಂದು ಪ್ಲಾಸ್ಟಿಕ್ ಪೊಟ್ಟಣ, ಚಿಟಿಕೆ ಕುಂಕುಮಕ್ಕೊಂದು, ಬಳೆಗೊಂದು, ಎಲ್ಲ ಸೇರಿಸಿ ಮೇಲೆ ಮತ್ತೊಂದು ಹೊದಿಕೆ. ಮುತ್ತೈದೆಯ ಮಡಿಲಿಗೆ ಕಸವನ್ನೂ ತುಂಬುತ್ತಿದ್ದೇವೆ. ಇದು ನಮ್ಮ ಹಬ್ಬಕ್ಕೆ ಶೋಭೆಯಲ್ಲ.

ಆ ಕಸ ಬೆಳಿಗ್ಗೆ ಆಟೋದಲ್ಲಿ ಹೋಗಿಬಿಡುತ್ತದೆ, ನಿಜ. ಹೋಗುವುದು ಎಲ್ಲಿಗೆ? 2012ರಲ್ಲಿ, ನಗರದ ಕಸ ಸುರಿಸಿಕೊಳ್ಳುತ್ತಿದ್ದ ಮಾವಳ್ಳಿಪುರದವರು ಇನ್ನು ಸಾಕು ಎಂದಾಗ ಬೆಂಗಳೂರಿನ ಬೀದಿ ಬೀದಿಯಲ್ಲಿ ಕಸ ಕೊಳೆತು ನಾರಿತು. ಮಂಡೂರಿನ ಜನ ಹೋರಾಡಿ ಹೋರಾಡಿ 2014ರ ಕೊನೆಗೆ ಕಸದ ಲಾರಿಗಳನ್ನು ನಿಲ್ಲಿಸಿದರು. ಆಮೇಲೆ ಆ ಪಾಡು ಮಿಟ್ಟಗಾನಹಳ್ಳಿಯ ಪಾಲಾಯಿತು. ನಮ್ಮ ಹಬ್ಬದ ಕಸವನ್ನು ಇನ್ನೊಬ್ಬರ ಊರಬಾಗಿಲಿಗೆ ಸುರಿಯುವ ಹಕ್ಕು ನಮಗೆ ಯಾರು ಕೊಟ್ಟರು?

ಕಾನೂನಿಗೇನೂ ಕೊರತೆಯಿಲ್ಲ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಮ್ಮ ರಾಜ್ಯ 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಪ್ಲಾಸ್ಟಿಕ್ ಚಮಚ, ಸ್ಟ್ರಾ, ಅಲಂಕಾರದ ಥರ್ಮೋಕೋಲ್, ಕೊನೆಗೆ ಸಿಹಿತಿಂಡಿ ಡಬ್ಬಿಯ ಮೇಲೆ ಸುತ್ತುವ ತೆಳು ಹಾಳೆಯೂ ನಿಷಿದ್ಧ. ಆದರೂ ತೆಳು ಕವರ್ ಗಲ್ಲಾಪೆಟ್ಟಿಗೆಯ ಕೆಳಗಿಂದ ಹೊರಬರುತ್ತಲೇ ಇದೆ. ನಾವು ಕೈಬೀಸಿಕೊಂಡು ಬರುವವರೆಗೆ ಅದು ಬರುತ್ತಲೇ ಇರುತ್ತದೆ.

ಬದಲಿಗೆ ಏನು ಎನ್ನುತ್ತೀರಾ? ಇಲ್ಲಿ ಮೋಸ ಹೋಗಬೇಡಿ. ಬಟ್ಟೆಯಂತೆ ಕಾಣುವ ಬಣ್ಣಬಣ್ಣದ ‘ನಾನ್-ವೋವನ್’ ಚೀಲ ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕು. ಒಂದು ಎಳೆ ಎಳೆದು ನೋಡಿ: ಹತ್ತಿ ಚೀಲದಲ್ಲಿ ನೂಲು ಬಿಚ್ಚಿಕೊಳ್ಳುತ್ತದೆ, ಇದರಲ್ಲಿ ನೂಲೇ ಇಲ್ಲ. ಮದುವೆಮನೆಯ ತಾಂಬೂಲದ ಚೀಲಗಳೂ ಈಗ ಬಹುಪಾಲು ಇದರದ್ದೇ. ‘ಪೇಪರ್ ಕಪ್’ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಕಾಫಿ ಸೋರಿಹೋಗುತ್ತಿತ್ತು. ಹಳೆ ಪತ್ರಿಕೆಯಲ್ಲಿ ಬಿಸಿ ಬೋಂಡಾ ಕಟ್ಟಿಸಿಕೊಂಡರೆ ಮಸಿ ಹೊಟ್ಟೆಗೆ ಹೋಗುತ್ತದೆ. ಆಹಾರ ಸುರಕ್ಷತಾ ನಿಯಮವೂ ಅದನ್ನು ಒಪ್ಪುವುದಿಲ್ಲ.

ನಿಜವಾದ ಬದಲಿಗಳು ಇದೇ ಬಜಾರಿನಲ್ಲಿವೆ. ಬುಟ್ಟಿಯ ಅಂಚಿನಲ್ಲಿ ಒದ್ದೆ ಬಾಳೆಲೆಯ ತುಂಡುಗಳನ್ನು ಇಟ್ಟುಕೊಂಡ ಹೂವಿನಾಕೆಯನ್ನು ನೋಡಿದ್ದೀರಿ. ಮೊಳ ಹಾಕಿದ ಮಲ್ಲಿಗೆಯನ್ನು ಎಲೆಯ ಮೇಲೆ ಸುರುಳಿ ಸುತ್ತಿ, ನಾಲ್ಕೂ ಕಡೆ ಮಡಚಿ, ಬಾಳೆನಾರಿನಿಂದ ಒಂದೇ ಗಂಟು. ಹೂ ಬಾಡುವುದಿಲ್ಲ. ಉಡುಪಿಯ ಶಂಕರಪುರ ಮಲ್ಲಿಗೆಯನ್ನು ಬಾಳೆನಾರಿನಲ್ಲೇ ಕಟ್ಟಿ, ಬಾಳೆಲೆಯಲ್ಲೇ ಸುತ್ತಿ ಮುಂಬಯಿವರೆಗೂ ಕಳಿಸುತ್ತಾರೆ. ಹಾಗಿರುವಾಗ ಇಲ್ಲಿಂದ ಹನುಮಂತನಗರಕ್ಕೆ ಹೋಗುವ ಹೂವಿಗೆ ಕವರ್ ಯಾಕೆ? ಊಟಕ್ಕೆ ಮುತ್ತುಗದ ಎಲೆ, ದೊನ್ನೆ ಇವೆ. ಬೇಳೆಕಾಳಿಗೆ ದಾರ ಸುತ್ತಿದ ಕಾಗದದ ಪೊಟ್ಟಣ ಸಾಕು, ನಿಮ್ಮದೇ ಡಬ್ಬಿಯಾದರೆ ಇನ್ನೂ ಒಳ್ಳೆಯದು.

ಹೋಟೆಲಿನ ಪಾರ್ಸೆಲ್ ವಿಷಯ ಬೇರೆಯಾಗಿಯೇ ಹೇಳಬೇಕು. ಕುದಿಯುವ ಸಾಂಬಾರನ್ನು ತೆಳು ಕವರಿಗೆ ಸುರಿದು, ಬಾಯಿ ತಿರುಚಿ ಗಂಟು ಹಾಕಿ ಕೊಡುತ್ತಾರೆ. ಆ ಬಿಸಿಗೆ ಕವರ್ ಮೆತ್ತಗಾಗುವುದು ಕೈಗೇ ಗೊತ್ತಾಗುತ್ತದೆ. ಅದನ್ನೇ ಮನೆಯಲ್ಲಿ ಮಕ್ಕಳ ತಟ್ಟೆಗೆ ಬಡಿಸುತ್ತೇವೆ. ಸ್ಟೀಲ್ ಕ್ಯಾರಿಯರ್ ಹಿಡಿದು ಹೋಟೆಲಿಗೆ ಹೋಗುವುದು ನಾಚಿಕೆಯ ಕೆಲಸವಲ್ಲ. ನಮ್ಮ ಹಿರಿಯರು ಹಾಗೆಯೇ ಹೋಗುತ್ತಿದ್ದರು.

ಶಾಂಪೂ ಸ್ಯಾಶೆ, ಚಿಪ್ಸ್ ಪೊಟ್ಟಣಗಳಂಥ ಪದರ ಪದರದ ಹೊದಿಕೆಯನ್ನು ಗುಜರಿಯವರೂ ಮುಟ್ಟುವುದಿಲ್ಲ. ಅದನ್ನು ವಾಪಸು ಪಡೆಯುವ ಹೊಣೆ ತಯಾರಿಸುವ ಕಂಪನಿಗಳದ್ದೇ ಎಂದು ಕೇಂದ್ರದ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಹೇಳುತ್ತದೆ. ಆ ಹೋರಾಟ ಬೇರೆಯೇ ಇದೆ, ಅದನ್ನೂ ಬಿಡುವುದಿಲ್ಲ. ಕವರ್ ಮಾತ್ರ ಇವತ್ತೇ ನಮ್ಮ ಕೈಯಲ್ಲಿದೆ.

ಅಂಗಡಿ ಮಾಲೀಕರೇ, ಕವರಿಗೆ ಸುರಿಯುವ ದುಡ್ಡು ನಿಮ್ಮದೇ. ಕೇಳದೆ ಕವರ್ ಕೊಡಬೇಡಿ. ಒಂದಷ್ಟು ಹತ್ತಿ ಚೀಲ ಇಟ್ಟುಕೊಳ್ಳಿ. ಠೇವಣಿ ಪಡೆದು ಕೊಡಿ, ಚೀಲ ಮರಳಿ ತಂದರೆ ಹಣ ಹಿಂತಿರುಗಿಸಿ. ಪಕ್ಕದ ತಮಿಳುನಾಡು 2021ರ ಡಿಸೆಂಬರ್‌ನಲ್ಲಿ ಹಳದಿ ಬಟ್ಟೆಚೀಲವನ್ನು ಮತ್ತೆ ಜನರ ಕೈಗಿಡುವ ಯೋಜನೆ ಆರಂಭಿಸಿತು. ನಾಣ್ಯ ಹಾಕಿದರೆ ಚೀಲ ಬರುವ ಯಂತ್ರಗಳನ್ನೂ ಇರಿಸಿತು. ಗಾಂಧಿ ಬಜಾರಿನಲ್ಲಿ ಯಾಕಾಗದು?

ತಾಯಂದಿರೇ, ಈ ಸಲ ಬಾಗಿನದ ಸಾಮಾನನ್ನು ಬಿಡಿಯಾಗಿ ಕೊಂಡು ನೀವೇ ಮೊರ ತುಂಬಿ. ಹಳೆ ಸೀರೆ, ಪಂಚೆ ಇದ್ದರೆ ಬೀದಿಯ ಟೈಲರ್ ಹತ್ತಿರ ಚೀಲ ಹೊಲಿಸಿಕೊಳ್ಳಿ. ಸಾಮಾನಿಗೆ ಹೊರಡುವಾಗ ಎರಡು ಬಟ್ಟೆ ಚೀಲ, ಒಂದು ಡಬ್ಬಿ ಕೈಯಲ್ಲಿರಲಿ. ಅಂಗಡಿಯವರು ಕವರ್ ಎತ್ತುವ ಮೊದಲೇ ಗಟ್ಟಿಯಾಗಿ ಹೇಳಿ: ಕವರ್ ಬೇಡ. ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಮನೆಯವರಿಗೆ ಕೊಡಿ.

— ಬಡಾವಣೆಯ ನಿವಾಸಿಗಳು