ಹಂಗಾಮು ಮುಗಿದರೆ ಹೊಟ್ಟೆಗೂ ರಜವೇ?

ಬಂಗಾರಪೇಟೆ ಕಡೆಯಿಂದ ಬೆಳಗ್ಗೆ ಬರುವ ರೈಲಿನಿಂದ ಕೃಷ್ಣರಾಜಪುರದಲ್ಲಿ, ದಂಡು ನಿಲ್ದಾಣದಲ್ಲಿ ಬುತ್ತಿ ಚೀಲ ಹಿಡಿದು ಇಳಿಯುವವರನ್ನು ಒಮ್ಮೆ ನೋಡಿ. ಇವರಲ್ಲಿ ಅನೇಕರು ಎಕರೆ, ಎರಡೆಕರೆ ಹೊಲದವರ ಮಕ್ಕಳು. ರಾಗಿ ಒಕ್ಕಣೆ ಮುಗಿದ ಮೇಲೆ ಮುಂಗಾರು ಬೀಳುವ ತನಕ ಖುಷ್ಕಿ ಊರುಗಳಲ್ಲಿ ಕೆಲಸವಿಲ್ಲ. ಅದಕ್ಕೇ ಶಿವಾಜಿನಗರದಲ್ಲಿ ಮೂಟೆ ಹೊರುತ್ತಾರೆ, ಹಲಸೂರಿನಲ್ಲಿ ಗಾರೆ ಕಲಸುತ್ತಾರೆ. ವಾರದಲ್ಲಿ ಮೂರು ದಿನ ಕೂಲಿ ಸಿಕ್ಕರೆ ನಾಲ್ಕು ದಿನ ಕೈ ಖಾಲಿ. ಆ ನಾಲ್ಕು ದಿನದ ಹಿಟ್ಟಿಗೆ ಯಾರು ಹೊಣೆ?

ಅಲ್ಲೇ ಇಂದಿರಾನಗರದಲ್ಲಿ ಇ.ಎಸ್.ಐ. ಆಸ್ಪತ್ರೆ ಇದೆ. ಇ.ಎಸ್.ಐ. ವಿಮೆಯಲ್ಲಿರುವ ಕಾರ್ಖಾನೆ ಕಾರ್ಮಿಕ ಕೆಲಸ ಕಳಕೊಂಡರೆ 90 ದಿನದವರೆಗೆ ಭತ್ಯೆ ಕೊಡುವ ಯೋಜನೆ 2018ರಲ್ಲಿ ಬಂತು. ಮೊದಲು ಸರಾಸರಿ ದಿನಗೂಲಿಯ ಕಾಲು ಭಾಗವಿದ್ದದ್ದನ್ನು 2020ರಲ್ಲಿ ಅರ್ಧಕ್ಕೆ ಏರಿಸಿದರು. ಒಳ್ಳೆಯದೇ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಎರಡು ವರ್ಷ ವಿಮೆಯಲ್ಲಿದ್ದವನಿಗೆ ಮಾತ್ರ ಅದು. ಮೂರು ತಿಂಗಳು ದುಡಿದು ಊರಿಗೆ ಮರಳುವವನು ಈ ಲೆಕ್ಕಕ್ಕೆ ಎಲ್ಲಿ ಬರುತ್ತಾನೆ?

ಇನ್ನೊಂದು ಮಾತು ಕೇಳಿ. 1948ರ ಇ.ಎಸ್.ಐ. ಕಾಯ್ದೆ ‘ಹಂಗಾಮಿನ ಕಾರ್ಖಾನೆ’ಗಳನ್ನು ಹೊರಗಿಟ್ಟಿತು. ಅವು ಯಾವುವು? ಕಬ್ಬು ಅರೆದು ಸಕ್ಕರೆ, ಬೆಲ್ಲ ಮಾಡುವವು, ಹತ್ತಿ ಬಿಡಿಸುವವು, ಕಡಲೆಕಾಯಿ ಸುಲಿಯುವವು, ಕಾಫಿ ಹದ ಮಾಡುವವು. ಎಲ್ಲವೂ ನಮ್ಮ ಬೆಳೆಯ ಮೇಲೆ ನಿಂತವು! 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಬಾಗಿಲು ತೆರೆಯಲಿಲ್ಲ. ವರ್ಷವಿಡೀ ಕೆಲಸ ಇರುವವನಿಗೆ ಭದ್ರತೆ, ಕೆಲಸ ನಿಂತೇ ನಿಲ್ಲುತ್ತದೆಂದು ಗೊತ್ತಿರುವವನಿಗೆ ಇಲ್ಲ. ಇದೆಂಥ ನ್ಯಾಯ ಸ್ವಾಮಿ?

ಹಳ್ಳಿಗೆ 2005ರ ಉದ್ಯೋಗ ಖಾತರಿ ಕಾಯ್ದೆ ಬಂತು. ಅರ್ಜಿ ಕೊಟ್ಟ 15 ದಿನದಲ್ಲಿ ಕೆಲಸ ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ ಭಾಗವಾದರೂ ನಿರುದ್ಯೋಗ ಭತ್ಯೆ ಕೊಡಬೇಕೆಂದು ಬರೆದರು. 2025-26ರಲ್ಲಿ ನಮ್ಮ ರಾಜ್ಯದ ಕೂಲಿ 370 ರೂ. ಅದರ ಕಾಲು ಭಾಗ 92 ರೂ. 50 ಪೈಸೆ. ನಿಮ್ಮೂರಲ್ಲಿ ಯಾರಿಗಾದರೂ ಸಿಕ್ಕಿತೇ? ಭತ್ಯೆಯ ಹಣ ರಾಜ್ಯದ ಖಜಾನೆಯಿಂದ ಹೋಗಬೇಕು. ಅದಕ್ಕೇ ಎಷ್ಟೋ ಕಡೆ ಅರ್ಜಿಗೆ ತಾರೀಖು ಹಾಕಿದ ರಶೀದಿಯನ್ನೇ ಕೊಡಲಿಲ್ಲ. ರಶೀದಿ ಇಲ್ಲ ಅಂದ ಮೇಲೆ ಹಕ್ಕೂ ಇಲ್ಲ.

2025ರ ಡಿಸೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಪಾರ್ಲಿಮೆಂಟು ಹೊಸದನ್ನು ತಂದಿತು. 100 ದಿನ 125 ಆಯಿತು. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಬೇಕೆಂಬ ಕಲಮೂ ಬಂತು. ರೈತರಿಗೆ ಆಳು ಸಿಗಲಿ ಅಂತ ಮಾಡಿದ್ದಂತೆ! ಮಳೆ ಕೈಕೊಟ್ಟ ವರ್ಷ ಬಿತ್ತನೆಯೇ ಇಲ್ಲದಿದ್ದರೆ ಆ 60 ದಿನ ಕೂಲಿಯವರು ಏನು ತಿನ್ನಬೇಕು?

ರೈತ ಬಾಂಧವರೇ, ಭತ್ಯೆ ಕೊಟ್ಟರೆ ಆಳು ಸಿಗೋದಿಲ್ಲ, ಕೂಲಿ ಏರುತ್ತದೆ ಅನ್ನುವ ಮಾತು ನಮ್ಮ ಜಗಲಿಗಳಲ್ಲೇ ಕೇಳಿಬರುತ್ತದೆ. ಆಳಿನ ತಾಪತ್ರಯ ಸುಳ್ಳಲ್ಲ. ಆದರೆ ನಮ್ಮನ್ನು ಸಾಲಕ್ಕೆ ತಳ್ಳಿದ್ದು ಕೂಲಿಯವನ ಗಂಜಿಯಲ್ಲ, ಖರ್ಚಿಗೆ ಸಾಲದ ಬೆಲೆ. ಕೂಲಿ ಏರಿದರೆ ಆ ಏರಿಕೆ ಬೆಂಬಲ ಬೆಲೆಯ ಲೆಕ್ಕಕ್ಕೆ ಪೂರಾ ಬರಬೇಕು. ಅದನ್ನು ಕೇಳಬೇಕಾದ್ದು ಸರ್ಕಾರವನ್ನು, ಆಳನ್ನಲ್ಲ. ಮಳೆ ಹೋದ ವರ್ಷ ರೈಲು ಹತ್ತುವವನು ನಮ್ಮ ಮಗನೇ ಅನ್ನೋದನ್ನು ಮರೆಯಬೇಡಿ.

ನಾವು ಕೇಳುವುದು ಮೂರೇ. ಹಂಗಾಮಿನ ಕಾರ್ಖಾನೆಯವರನ್ನೂ ವಿಮೆಯೊಳಗೆ ತನ್ನಿ. ಕೆಲಸ ಕೇಳಿದ ಅರ್ಜಿಗೆ ಅಂದೇ ರಶೀದಿ ಕೊಡಿ. ಬರ ಬಂದ ತಾಲ್ಲೂಕಿನಲ್ಲಿ 60 ದಿನದ ತಡೆ ಬೇಡ. ಬರುವ ಗ್ರಾಮಸಭೆಯಲ್ಲಿ ಇದನ್ನು ಕೂಲಿಯವರ ಜೊತೆ ಕೂತು ಭೂಮಿ ಇರುವ ನಾವೇ ಎತ್ತಬೇಕು, ನಡಾವಳಿ ಪುಸ್ತಕದಲ್ಲಿ ಬರೆಸಬೇಕು.