ಚುಕ್ಕಿ ಎಣಸೋ ಕೈಗೆ ಲೈಟಿನ ಮ್ಯಾಪಿಂಗ್ ಕೊಡ್ರಿ

ಈ ಸಲ ಗಣಪತಿಗಾಗ್ಲಿ ದೀಪಾವಳಿಗಾಗ್ಲಿ ನಿಮ್ಮ ಓಣ್ಯಾಗ ಪಿಕ್ಸೆಲ್ ಲೈಟ್ ಹಾಕೋರಿದ್ರ, ಅದರ ಮ್ಯಾಪಿಂಗ್ ಕೆಲಸ ಹೆಣ್ಣಮಕ್ಕಳ ಕೈಯಾಗ ಕೊಡ್ರಿ ಅಂತ ನಾ ಹೇಳಾಕತ್ತೇನಿ. ಹುಡುಗೂರು ನಗತಾರ, ನಗಲಿ. "ಕಾಕೂ, ಅದು ಕಂಪ್ಯೂಟರ್ ಕೆಲಸರೀ, ನೀವು ಪ್ರಸಾದದ ಕಡೆ ನೋಡ್ರಿ" ಅಂತಾರ. ಪ್ರಸಾದದ ಕಡೆ ಮೂವತ್ತು ವರ್ಷದಿಂದ ನೋಡೇ ನೋಡಾಕತ್ತೇವಿ.

ಮೊದಲಿನ ಸೀರಿಯಲ್ ಸೆಟ್ ನಿಮಗೆಲ್ಲಾ ಗೊತ್ತೈತಿ. ಒಂದು ಬಲ್ಬ್ ಹೋದ್ರ ಸರಾನ ಕತ್ತಲಿ. ಮೈಸೂರು ಅರಮನಿ ಮ್ಯಾಲೆ ಹತ್ತಿರ ಹತ್ತಿರ 1 ಲಕ್ಷ ಬಲ್ಬ್ ಹತ್ತಿದ್ರ ಎದಿ ತುಂಬಿ ಬರತೈತಿ, ಖರೆ. ಆದ್ರ ಅವು ಎಲ್ಲಾ ಕೂಡಿ ಹತ್ತತಾವ, ಎಲ್ಲಾ ಕೂಡಿ ಆರತಾವ. ಪಿಕ್ಸೆಲ್ ಲೈಟ್ ಹಂಗಲ್ಲ. ಒಂದೊಂದು ಬಲ್ಬಿನ ಹೊಟ್ಟ್ಯಾಗೂ ಒಂದು ಸಣ್ಣ ಚಿಪ್ ಇರತೈತಿ, ಡಬ್ಲ್ಯೂಎಸ್ 2811 ಅಂತ ಏನೋ ಹೆಸರು. ವಾಯರ್ ಮೂರು. ಎರಡು ಕರೆಂಟಿಗೆ, ಒಂದು ಹುಕುಮಿಗೆ. ಕಂಟ್ರೋಲರ್ ಡಬ್ಬಿಯಿಂದ ಹುಕುಮು ಹೊಂಟತಂದ್ರ ಮೊದಲನೇ ಬಲ್ಬ್ ತನ್ನ ಪಾಲಿನ ಬಣ್ಣ ಇಟಗೊಂಡು ಉಳಿದದ್ದನ್ನ ಮುಂದ ದಾಟಸತೈತಿ. ಪಂಗತಿಯೊಳಗ ಹೋಳಿಗಿ ಬುಟ್ಟಿ ಕೈಯಿಂದ ಕೈಗೆ ಹೋದಂಗ. ನಡುವ ಒಬ್ಬರು ಬುಟ್ಟಿ ಹಿಡಕೊಂಡು ಕುಂತ್ರ ಮುಂದಿನವರಿಗೆ ಏನೂ ಇಲ್ಲ! ಸರದಾಗ ತಾನು ಎಷ್ಟನೇದಾಗಿ ಕುಂತೈತೋ ಅದ ಬಲ್ಬಿನ ನಂಬರು, ಬ್ಯಾರೆ ನಂಬರು ಅದಕ್ಕಿಲ್ಲ.

ಮ್ಯಾಪಿಂಗ್ ಅಂದ್ರ ಇಷ್ಟ. 37ನೇ ಬಲ್ಬು ಗ್ವಾಡಿ ಮ್ಯಾಲೆ ಎಲ್ಲಿ ಕುಂತೈತಿ ಅಂತ ಕಂಪ್ಯೂಟರಿಗೆ ತಿಳಿಸಿ ಹೇಳೋದು. ವಾಯರ್ ಉಳಸಾಕ ಸರ ಹಾವು ಹರದಂಗ ಹಾಕತಾರ. ಮೊದಲ ಸಾಲು ಎಡದಿಂದ ಬಲಕ್ಕ, ಎರಡನೇದು ಬಲದಿಂದ ಎಡಕ್ಕ. ಕಂಪ್ಯೂಟರಿನ್ಯಾಗ ಎಲ್ಲಾ ಸಾಲೂ ಎಡದಿಂದ ಶುರು ಅಂತ ಕೂಡಿಸಿದ್ರ ಸಾಲು ಬಿಟ್ಟು ಸಾಲು ಉಲ್ಟಾ ಬರತೈತಿ.

ಹೋದ ವರ್ಷ ನಮ್ಮ ಓಣಿ ಗಣಪತಿ ಹಿಂದ ಹಿಂಗ ಆತು. 50 ಬಲ್ಬಿನ 10 ಸರ ತಂದು, 20 ಸಾಲು ಮಾಡಿ, ಸಾಲಿಗೆ 25 ಬಲ್ಬ್ ಕೂಡಿಸಿ ನವಿಲು ಕುಣಸತೇವಿ ಅಂದ್ರು. ಸ್ವಿಚ್ ಹಾಕಿದ್ರ ನವಿಲಿಲ್ಲ, ಜೋಳದ ರಾಶ್ಯಾಗ ಕೋಳಿ ಕೆದರಿದಂಗ ಆಗಿತ್ತು. ಅಂಗಡಿಯವರಿಗೆ ಫೋನ್ ಹಚ್ಚಿದ್ರ "ಮಾಲು ಚಲೋ ಐತಿ, ನೀವು ಹಾಕಿದ್ದು ಸರಿ ಇಲ್ಲ" ಅಂತ ಇಟ್ಟಬಿಟ್ರು. ನಮ್ಮ ಬಾಜೂಮನಿ ಹುಡುಗಿ, ಬಿ.ಕಾಂ ಓದಾಕಿ, ರಂಗೋಲಿ ಪುಸ್ತಕದ ಹಿಂದಿನ ಹಾಳಿಯೊಳಗ 20 ಸಾಲು ಚುಕ್ಕಿ ಇಟ್ಟಳು. ಒಂದರಿಂದ 500ರ ತನಕ ನಂಬರ್ ಬರದು, ಸಾಲಿಗೊಂದು ಬಾಣ ಎಳದು, "ಅಣ್ಣಾ, ನಿಮ್ಮ ಎರಡನೇ ಸಾಲು ಆ ಕಡೆಯಿಂದ ಬರಾಕತ್ತೈತಿ ನೋಡ್ರಿ" ಅಂದಳು. ಅರ್ಧ ತಾಸಿನ್ಯಾಗ ನವಿಲು ಗರಿ ಬಿಚ್ಚಿತು. ವಿಸರ್ಜನೆ ದಿನ ಕಟ್ಟಿದ ಬ್ಯಾನರಿನ್ಯಾಗ ಹದಿನೆಂಟು ಹುಡುಗೂರ ಫೋಟೋ ಇದ್ದುವು. ಏಣಿ ಹಿಡದವನ ಫೋಟೋನೂ ಇತ್ತು. ಅಕಿದಿರಲಿಲ್ಲ.

ಅಕಿಗೆ ಅದು ಹೆಂಗ ತಿಳೀತು ಅಂತ ಎಲ್ಲಾರೂ ಕೇಳಿದ್ರು. ತಿಳೀಲಾರದೇನು? 15 ರಿಂದ 8ರ ಸಂದುಚುಕ್ಕಿ ರಂಗೋಲಿ ಹಾಕಾಕಿಗೆ ನಡುವಿನ ಸಾಲಿನ್ಯಾಗ 15, ಮ್ಯಾಲೂ ಕೆಳಗೂ ಒಂದೊಂದು ಕಡಿಮಿ ಆಗಕೋತ 8ಕ್ಕ ಬಂದು ನಿಲ್ಲಬೇಕು ಅನ್ನೋದು ಬಾಯಿಪಾಠ. ಲೆಕ್ಕ ಹಾಕಿ ನೋಡ್ರಿ, ಒಟ್ಟು 169 ಚುಕ್ಕಿ. 50ರ ಸರ ನಾಕು ಬೇಕು, 31 ಉಳೀತಾವ. ಒಂದು ಚುಕ್ಕಿ ತಪ್ಪಿದ್ರ ಎಳಿ ಕೂಡೂದಿಲ್ಲ ಅನ್ನೋದು ನಮಗ ಅಂಗಳದಾಗ ಬಗ್ಗಿ ಬಗ್ಗಿ ಗೊತ್ತಾಗೇತಿ.

ಬೆಟಗೇರಿ ಮಗ್ಗದ ಮಂದಿಗೆ ಕೇಳಿದ್ರೂ ಇದ ಮಾತು ಹೇಳತಾರ. ಸೀರಿ ಸೆರಗಿನ ಡಿಸೈನ್ ಮೊದಲು ಚೌಕಳಿ ಹಾಳಿ ಮ್ಯಾಲೆ ತುಂಬಸತಾರ, ಆಮ್ಯಾಲೆ ಜಕಾರ್ಡ್ ಪಟ್ಟಿಗೆ ತೂತು ಹೊಡೀತಾರ. ತೂತು ಇದ್ದಲ್ಲಿ ಎಳಿ ಏಳತೈತಿ, ಇಲ್ಲದಲ್ಲಿ ಇಲ್ಲ. ಎಳಿ ಹೋಗಿ ಬಲ್ಬ್ ಬಂದೈತಿ, ಅಷ್ಟ. ಮೈಸೂರಿನ 2024ರ ದಸರಾದಾಗ ಬನ್ನಿಮಂಟಪದ ಮ್ಯಾಲೆ 1500 ಡ್ರೋನ್ ಹಾರಿಸಿ ಚಿತ್ರ ಬಿಡಿಸಿದ್ರಲ್ಲ, ಅವೂ ಚುಕ್ಕೀನ. ಮುಗಲಿನ್ಯಾಗ ಇಟ್ಟಿದ್ರು.

ಇನ್ನೊಂದು ನನಗ ಸೇರೂದಿಲ್ಲ. ಅಂಗಡಿಯವರು ಮೆಮೊರಿ ಕಾರ್ಡಿನ್ಯಾಗ ರೆಡಿಮೇಡ್ ಡಿಸೈನ್ ತುಂಬಿಸಿ ಕೊಡತಾರ. ಲಕ್ಷ್ಮೇಶ್ವರಕ್ಕ ಹೋದ್ರೂ ಅದ ನವಿಲು, ಶಿರಹಟ್ಟ್ಯಾಗೂ ಅದ, ಮುಂಡರಗ್ಯಾಗೂ ಅದ. ಗದಗಿನ ತ್ರಿಕೂಟೇಶ್ವರ ಗುಡಿ ಆವಾರದಾಗ ಸರಸ್ವತಿ ಗುಡಿ ಕಂಬ ನೋಡೀರಲ್ಲ? ಎಂಥಾ ಕೆತ್ತನಿ! ಅದರಾಗಿನ ಒಂದು ಬಳ್ಳಿ ಚೌಕಳಿ ಹಾಳಿಗೆ ಇಳಿಸಿದ್ರ ನಮ್ಮ ಊರಿನ ಲೈಟು ನಮ್ಮ ಊರಿನಂಗ ಕಾಣತೈತಿ. ಇಂಥಾದ್ದಕ್ಕ ತಾಳ್ಮಿ ಬೇಕು, ಹಬ್ಬಕ್ಕ ಒಂದು ತಿಂಗಳ ಮುಂಚೆ ಕುಂದ್ರಬೇಕು. ಹಿಂದಿನ ರಾತ್ರಿ ಏಣಿ ಹತ್ತೋರಿಂದ ಆಗೂದಲ್ಲ.

"ರಾತ್ರಿ ಹೊತ್ತು ಪೆಂಡಾಲದಾಗ ಹುಡುಗ್ಯಾರು ಯಾಕವಾ" ಅಂತ ನಮ್ಮ ಹಿರ್‍ಯಾರು ಕೇಳತಾರ. ನಾನೂ ಹೆಣ್ಣುಮಗಳ ತಾಯಿ, ಆ ಚಿಂತಿ ನನಗ ಗೊತ್ತೈತಿ. ಆದ್ರ ಮ್ಯಾಪಿಂಗ್ ರಾತ್ರಿ ಮಾಡೂ ಕೆಲಸಲ್ಲ. ಹಗಲಿನ್ಯಾಗ, ಪಡಸಾಲ್ಯಾಗ ಕುಂತು, ಹಾಳಿ ಪೆನ್ಸಿಲ್ ಲ್ಯಾಪ್‌ಟಾಪ್ ಇಟಗೊಂಡು ಮಾಡೋದು. ಏಣಿ ಹುಡುಗೂರ ಹತ್ತಲಿ, ಯಾರು ಬ್ಯಾಡಂದಾರ?

ಕರೆಂಟಿನ ಲೆಕ್ಕಾನೂ ಅದ ಹಾಳಿ ಮ್ಯಾಲೆ ಬರದಿಡ್ರಿ. 5 ವೋಲ್ಟಿನ ಒಂದು ಬಲ್ಬು ಪೂರಾ ಬಿಳಿ ಹತ್ತಿದ್ರ ಸುಮಾರು 60 ಮಿಲಿ ಆಂಪ್ ಎಳೀತೈತಿ. 50ರ ಸರಕ್ಕ 3 ಆಂಪ್, 500ಕ್ಕ 30. ಒಂದ ತುದಿಗೆ ಕರೆಂಟ್ ಕೊಟ್ರ ಕೊನೀ ಬಲ್ಬುಗಳು ಬಿಳಿ ಹೋಗಿ ಕೆಂಪಗ ಕಾಣತಾವ, ಅದಕ್ಕ ನಡುನಡುವ ಬ್ಯಾರೆ ವಾಯರ್ ಎಳದು ಕೊಡಬೇಕು. ಬಲ್ಬಿನ 5 ವೋಲ್ಟ್ ಏನೂ ಮಾಡೂದಿಲ್ಲ. ಅಂಜಬೇಕಾದ್ದು 230 ವೋಲ್ಟ್ ಬರೋ ಪವರ್ ಸಪ್ಲೈ ಡಬ್ಬಿಗೆ. ಭಾದ್ರಪದದ ಮಳ್ಯಾಗ ಅದನ್ನ ನೆಲದ ಮ್ಯಾಲೆ ಪ್ಲಾಸ್ಟಿಕ್ ಹಾಳಿ ಮುಚ್ಚಿ ಇಡತಾರ, ಕೂಸುಗಳು ಅಲ್ಲೇ ಓಡ್ಯಾಡತಿರತಾವ. ಎತ್ತರಕ್ಕ ಕಟ್ರಿ, ಅರ್ಥಿಂಗ್ ಕೊಡ್ರಿ, ಬಲ್ಲ ಎಲೆಕ್ಟ್ರಿಷಿಯನ್ ಕಡೆ ಮಾಡಸ್ರಿ.

ಶ್ರಾವಣದಾಗ ನಮ್ಮ ಮಂಡಳಿ ಮೀಟಿಂಗ್ ಕರೀತಾರ. ವಂತಿಗಿ ಕೇಳಾಕ ಬಂದಾಗ ಹೇಳೇನಿ, ರೊಕ್ಕ ಮೀಟಿಂಗಿನ್ಯಾಗ ಕೊಡತೇನಿ, ಆ ಹುಡುಗೀನ್ನ ಕರಕೊಂಡು ಬರತೇನಿ, ಎರಡು ಕುರ್ಚಿ ಹೆಚ್ಚಿಗಿ ಹಾಕ್ರಿ ಅಂತ. ಚೌಕಳಿ ಹಾಳಿ ಪುಸ್ತಕ ಈಗ ತಂದಿಟ್ಟೇನಿ. ಸರಸ್ವತಿ ಗುಡಿ ಕಂಬದ ಫೋಟೋ ಅಕಿ ತಕ್ಕೊಂಡು ಬಂದಾಳ.